ಬೇಟೆಯ ಭವಿಷ್ಯ ಬೇಟೆಯಾಡದವರ ಕೈಯಲ್ಲಿದೆ

ವನ್ಯಜೀವಿ ನಿರ್ವಹಣೆ ನನ್ನ ಕೆಲಸದ ಕ್ಷೇತ್ರ. ಬೇಟೆಗಾರರ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ಒಂದಕ್ಕೆ ಈ ಸಲ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ, ಪರವಾನಗಿ ಪಡೆದು ಮಿತಿಯೊಳಗೆ ಬೇಟೆಯಾಡುವವರನ್ನು ಯಾರೋ ಒಬ್ಬನ ಫೋಟೊ ನೋಡಿ ಜನ ದೂರುವುದು ಯಾವ ನ್ಯಾಯ? ಪ್ರಾಣಿಗಳ ಸಂಖ್ಯೆ ಚೆನ್ನಾಗಿದ್ದರೆ ಸಾಲದೇ?

ಸಾಲದು. ಬೇಟೆಯ ಕಾನೂನು ನಿಂತಿರುವುದು ಬೇಟೆಯಾಡದವರ ಸಮ್ಮತಿಯ ಮೇಲೆ. ಅಮೆರಿಕದಲ್ಲೇ 2016ರ ಸರ್ಕಾರಿ ಸಮೀಕ್ಷೆಯಂತೆ 16 ವರ್ಷ ದಾಟಿದವರಲ್ಲಿ ಬೇಟೆಯಾಡಿದವರು ನೂರಕ್ಕೆ ಐದು ಮಂದಿ. ಬೇಟೆಯೇ ಕೂಡದೆಂದು ಹಟ ಹಿಡಿದವರೂ ಕಡಿಮೆಯೇ. ಇವರಿಬ್ಬರ ನಡುವಿನ ದೊಡ್ಡ ಸಮೂಹ ಕೋವಿ ಹಿಡಿಯುವುದಿಲ್ಲ, ಹಿಡಿದವರನ್ನು ತಡೆಯುವುದೂ ಇಲ್ಲ. ತೀರ್ಪು ಕೊಡುವವರು ಇವರು. ಪ್ರಾಣಿಗಣತಿಯ ವರದಿಯನ್ನು ಇವರು ಓದುವುದಿಲ್ಲ, ಬೇಟೆಗಾರನ ನಡತೆಯನ್ನು ನೋಡುತ್ತಾರೆ. ಮಾಂಸಕ್ಕಾಗಿ ಬೇಟೆ ಎಂದರೆ ಅಲ್ಲಿನ ಬಹುಪಾಲು ಜನ ಒಪ್ಪುತ್ತಾರೆಂದೂ, ಕೊಂಬು ಚರ್ಮಗಳ ಟ್ರೋಫಿಗಾಗಿ ಎಂದೊಡನೆ ಆ ಬೆಂಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆಂದೂ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಸತ್ತ ಪ್ರಾಣಿ ಅದೇ ಇರಬಹುದು, ಪರವಾನಗಿಯೂ ಅದೇ ಇರಬಹುದು. ಕೊಂದವನ ಉದ್ದೇಶವೇನೆಂದು ನೋಡುವವರಿಗೆ ಅನ್ನಿಸಿತೋ ಅದರ ಮೇಲೆ ಎಲ್ಲವೂ ನಿಂತಿದೆ.

ಒಂದು ಟ್ರೋಫಿ ಫೋಟೊವನ್ನು ಹತ್ತಿರದಿಂದ ನೋಡಿ. ಪ್ರಾಣಿಯ ತಲೆಯನ್ನು ಎತ್ತಿ ನಿಲ್ಲಿಸಿರುತ್ತಾರೆ. ನಾಲಿಗೆಯನ್ನು ಒಳಕ್ಕೆ ಸರಿಸಿ, ಮೂತಿಯ ರಕ್ತ ಒರೆಸಿರುತ್ತಾರೆ. ದೇಹ ದೊಡ್ಡದಾಗಿ ಕಾಣಲೆಂದು ಬೇಟೆಗಾರ ತುಸು ಹಿಂದೆ ಕೂತಿರುತ್ತಾನೆ, ಕ್ಯಾಮೆರಾ ನೆಲಮಟ್ಟದಲ್ಲಿರುತ್ತದೆ. ಮುಖದಲ್ಲಿ ಹಲ್ಲು ಕಾಣುವ ನಗು. ಅವನ ಗೆಳೆಯರಿಗೆ ಇದು ದಿನಗಟ್ಟಲೆಯ ಶ್ರಮದ ನೆನಪು. ಆ ಶ್ರಮ ಗೊತ್ತಿಲ್ಲದವರಿಗೆ ಕಾಣುವುದು ಒಂದು ಸಾವು, ಅದರ ಪಕ್ಕದಲ್ಲೊಂದು ನಗು. ಜರ್ಮನಿಯ ಬೇಟೆಗಾರರು ಸತ್ತ ಜಿಂಕೆಯ ಬಾಯಲ್ಲಿ ಎಳೆಯ ಚಿಗುರು ಕಡ್ಡಿಯೊಂದನ್ನಿಟ್ಟು ಕೊನೆಯ ತುತ್ತೆಂದು ಗೌರವ ಸಲ್ಲಿಸುತ್ತಾರೆ. ಅಲ್ಲಿಯೂ ಪ್ರಾಣಿ ಸತ್ತೇ ಇದೆ. ನೋಡುವವರ ಮನಸ್ಸಿನಲ್ಲಿ ಉಳಿಯುವ ಚಿತ್ರ ಮಾತ್ರ ಬೇರೆ.

ಇದೆಲ್ಲ ಬರೀ ಭಾವುಕತೆ ಎನ್ನುವವರು ಮತಪೆಟ್ಟಿಗೆಯ ಇತಿಹಾಸ ನೋಡಲಿ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ವಸಂತಕಾಲದ ಕರಡಿ ಬೇಟೆ ನಡೆಯುತ್ತಿತ್ತು. ಮರಿಗೆ ಹಾಲೂಡಿಸುವ ತಾಯಿಯೂ ಗುಂಡಿಗೆ ಸಿಗುವ ಕಾಲ ಅದು. ಆಮಿಷವೊಡ್ಡಿ ಹೊಡೆಯುವುದು, ನಾಯಿಗಳಿಂದ ಅಟ್ಟಿಸಿ ಮರ ಹತ್ತಿಸಿ ಹೊಡೆಯುವುದು ಎರಡೂ ಇದ್ದವು. 1992ರಲ್ಲಿ ವಿಷಯ ಜನರ ಮುಂದೆ ಬಂದಾಗ ಸುಮಾರು ಶೇ 70ರಷ್ಟು ಮತದಾರರು ಈ ಮೂರನ್ನೂ ನಿಷೇಧಿಸಿದರು. ಶರತ್ಕಾಲದ ಕರಡಿ ಬೇಟೆಯನ್ನು ಮಾತ್ರ ಮುಟ್ಟಲಿಲ್ಲ. ಅದು ಇಂದಿಗೂ ನಡೆಯುತ್ತಿದೆ. ಜನ ಬೇಟೆಯನ್ನು ತಿರಸ್ಕರಿಸಲಿಲ್ಲ, ಹೇಯವೆನಿಸಿದ ರೀತಿಯನ್ನು ತಿರಸ್ಕರಿಸಿದರು. ಅದೇ ರಾಜ್ಯದಲ್ಲಿ 2024ರಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿನ ಬೇಟೆಯ ನಿಷೇಧ ಮತಕ್ಕೆ ಬಂದು ಸೋತಿತು. ಕೊಂದ ಪ್ಯೂಮಾದ ಮಾಂಸವನ್ನು ವ್ಯರ್ಥ ಮಾಡಬಾರದೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಬೇಟೆಯ ಪರ ನಿಂತವರು ವನ್ಯಜೀವಿ ತಜ್ಞರನ್ನು ಮುಂದಿಟ್ಟು ಮಾತಾಡಿದರು. ಫಲಿತಾಂಶದಲ್ಲಿ ಇವೆರಡಕ್ಕೂ ಪಾಲಿದೆ ಎಂಬುದು ನನ್ನ ಅಂದಾಜು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಥೆ ಇನ್ನೂ ಕಟುವಾದದ್ದು. ಅಲ್ಲಿನ ಸರ್ಕಾರದ ಲೆಕ್ಕದಲ್ಲೇ ಸುಮಾರು 15,000 ಗ್ರಿಜ್ಲಿ ಕರಡಿಗಳಿದ್ದವು, ವರ್ಷಕ್ಕೆ ಬೇಟೆಯಾಗುತ್ತಿದ್ದದ್ದು ಸುಮಾರು 250. ಟ್ರೋಫಿ ಬೇಟೆಯನ್ನಷ್ಟೇ ನಿಲ್ಲಿಸಿ ಮಾಂಸಕ್ಕಾಗಿ ಅವಕಾಶ ಕೊಡಬೇಕೆಂದು ಸರ್ಕಾರ ಮೊದಲು ಯೋಚಿಸಿತ್ತು. ಬಹುತೇಕ ಜನ ಅದನ್ನೂ ನಂಬಲಿಲ್ಲ. ಕರಡಿಯನ್ನು ಮಾಂಸಕ್ಕೆಂದು ಕೊಲ್ಲುತ್ತೇನೆ ಎನ್ನುವವನ ಮನೆಯ ಗೋಡೆಯ ಮೇಲೆ ಅದರ ತಲೆ ಇದ್ದೇ ಇರುತ್ತದೆ ಎಂದುಕೊಂಡರು. 2017ರ ಡಿಸೆಂಬರಿನಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಬಿಟ್ಟು ಉಳಿದೆಲ್ಲರಿಗೂ ಗ್ರಿಜ್ಲಿ ಬೇಟೆ ನಿಷೇಧವಾಯಿತು. ನಂಬಿಕೆ ಒಮ್ಮೆ ಹೋದ ಮೇಲೆ ಅಂಕಿ ಅಂಶ ಯಾರನ್ನೂ ಕಾಪಾಡುವುದಿಲ್ಲ.

2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಅಂಚಿನಲ್ಲಿ ಸಿಸಿಲ್ ಎಂಬ ಸಿಂಹ ಸತ್ತದ್ದು ಬಹಳ ಜನರಿಗೆ ನೆನಪಿರಬಹುದು. ಆಕ್ಸ್‌ಫರ್ಡ್ ಸಂಶೋಧಕರು ಅದಕ್ಕೆ ಓಡಾಟದ ಜಾಡು ತಿಳಿಸುವ ಕೊರಳಪಟ್ಟಿ ಹಾಕಿದ್ದರು. ಬಾಣದಿಂದ ಗಾಯಗೊಂಡು ಎಷ್ಟೋ ಗಂಟೆಗಳ ಬಳಿಕವಷ್ಟೇ ಅದರ ಜೀವ ಹೋಯಿತು. ಬೇಟೆಗಾರನ ಕಾಗದಪತ್ರ ಸರಿಯಿತ್ತೆಂದು ಅಲ್ಲಿನ ಸರ್ಕಾರವೇ ಆಮೇಲೆ ಹೇಳಿತು. ಅಷ್ಟರಲ್ಲಿ ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಸಿಂಹ, ಆನೆ, ಚಿರತೆ, ಖಡ್ಗಮೃಗ, ಕಾಡೆಮ್ಮೆಗಳ ಟ್ರೋಫಿ ಸಾಗಿಸುವುದಿಲ್ಲವೆಂದು ಘೋಷಿಸಿ ಆಗಿತ್ತು. ಇಂಥ ಬಿಸಿ ತಟ್ಟುವುದು ನಮೀಬಿಯಾದಂಥ ಕಡೆಗಳಲ್ಲಿ ಬೇಟೆ ಶುಲ್ಕವನ್ನೂ ಮಾಂಸವನ್ನೂ ನಂಬಿರುವ ಹಳ್ಳಿಗಳ ಸಮುದಾಯಗಳಿಗೂ. ತಪ್ಪು ಎಲ್ಲಿಯದೋ, ದಂಡ ಕಟ್ಟುವವರು ಇನ್ನೆಲ್ಲಿಯವರೋ. ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು.

ಹಾಗಾದರೆ ಏನು ಮಾಡಬೇಕು? ಫೋಟೊ ಮುಚ್ಚಿಡಿ ಎಂದು ಬೇಟೆ ಸಂಘಗಳಿಗೆ ಕಿವಿಯೂದುವ ಪ್ರಚಾರ ಸಲಹೆಗಾರರ ದೊಡ್ಡ ದಂಡೇ ಇದೆ. ಅವರ ಮಾತಿಗೆ ಹಣ ಸುರಿಯಬೇಡಿ. ಮುಚ್ಚಿಟ್ಟದ್ದು ಹೊರಬಿದ್ದ ದಿನ ಎರಡು ಪಟ್ಟು ಸಿಟ್ಟು ಏಳುತ್ತದೆ. ಬದಲಾಗಬೇಕಾದದ್ದು ನಡತೆ. ಖಚಿತವಿಲ್ಲದ ದೂರದಿಂದ ಗುಂಡು ಹಾರಿಸಬಾರದು. ಗಾಯಗೊಂಡ ಪ್ರಾಣಿಯ ಜಾಡು ಹಿಡಿದು, ಕತ್ತಲಾದರೂ ಸರಿ, ಅದರ ನರಳಾಟ ಮುಗಿಸಬೇಕು. ದೇಹವನ್ನು ತೆರೆದ ಗಾಡಿಯಲ್ಲಿ ಊರ ನಡುವೆ ಮೆರೆಸಬಾರದು. ನಿಯಮ ಮುರಿದ ಜೊತೆಗಾರನ ಮೇಲೆ ಬೇಟೆಗಾರನೇ ದೂರು ಕೊಡಬೇಕು. ಈ ಕೊನೆಯದನ್ನು ಹೇಳಿದಾಗ ಸಭೆಗಳಲ್ಲಿ ಮುಖಗಳು ಬಿಗಿದುಕೊಳ್ಳುತ್ತವೆ. ಬಿಗಿದುಕೊಳ್ಳಲಿ. ಸ್ನೇಹಕ್ಕಾಗಿ ಬಾಯಿ ಮುಚ್ಚಿಕೊಂಡವರು ಆಮೇಲೆ ನಿಷೇಧ ಬಂತೆಂದು ಅಳುವುದನ್ನು ನಾನು ಸಹಿಸಲಾರೆ.

ಪ್ರಶ್ನೆ: ಕಾಡುಪ್ರಾಣಿಗಳು ಉಳಿದಿರುವುದೇ ಬೇಟೆಗಾರರ ಹಣದಿಂದ ಅಲ್ಲವೇ?

ಅಮೆರಿಕದಲ್ಲಿ ಅದು ದೊಡ್ಡ ಮಟ್ಟಿಗೆ ನಿಜ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ಸುಂಕ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಆದರೆ ಆ ಸುಂಕ ಕಟ್ಟುವವರಲ್ಲಿ ಬೇಟೆಗೆ ಹೋಗದೆ ಗುರಿ ಅಭ್ಯಾಸಕ್ಕಷ್ಟೇ ಕೊಳ್ಳುವವರೂ ಬಹಳ ಇದ್ದಾರೆ. ಹಣ ಕೊಟ್ಟೆ ಎಂದವನಿಗೆ ಕ್ರೂರವಾಗಿ ನಡೆದುಕೊಳ್ಳುವ ಹಕ್ಕು ಸಿಗುವುದಿಲ್ಲ.

ಪ್ರಶ್ನೆ: ಬೇಟೆ ವಿರೋಧಿಸುವವರೆಲ್ಲ ಕಾಡು ನೋಡದ ಪಟ್ಟಣಿಗರಲ್ಲವೇ?

ಅಲ್ಲ. ತಮ್ಮ ಹೊಲದ ಬೇಲಿ ಮುರಿದು ನುಗ್ಗಿದ ಬೇಟೆಗಾರರಿಂದ ಬೇಸತ್ತ ರೈತರೂ ಅವರಲ್ಲಿದ್ದಾರೆ.

ಪ್ರಶ್ನೆ: ಕಳ್ಳಬೇಟೆಗಾರನೂ ಬೇಟೆಗಾರನೇ ತಾನೇ?

ಕಳ್ಳನನ್ನು ಗಿರಾಕಿ ಎಂದು ಕರೆಯುವ ಅಂಗಡಿಯವನಿದ್ದರೆ ಈ ಪ್ರಶ್ನೆಯನ್ನು ಅವನಿಗೆ ಕಳುಹಿಸಿ.

ಪ್ರಶ್ನೆ: ಜಾಲತಾಣದ ಮತಗಣನೆಯಲ್ಲಿ ಶೇ 95 ಜನ ಬೇಟೆಗೆ ವಿರುದ್ಧವೆಂದು ಬಂದಿದೆ. ನಿಮ್ಮ ಅಭಿಪ್ರಾಯ?

ಸಿಟ್ಟಿದ್ದವರಷ್ಟೇ ಒತ್ತುವ ಗುಂಡಿಯ ಲೆಕ್ಕಕ್ಕೆ ಬೆಲೆಯಿಲ್ಲ, ಅದು ಪರವಾಗಿ ಬಂದಿದ್ದರೂ ನನ್ನ ಉತ್ತರ ಇದೇ. ದಯವಿಟ್ಟು ಇಂಥವನ್ನು ಇನ್ನು ಕಳುಹಿಸಬೇಡಿ.