ಸ್ನಾನದ ನೀರಿನ ಬಿಸಿ ತಿಳಿಸುವ ತೇಲು ಬಾತುಕೋಳಿ: ಯಾವ ಸಂವೇದಕ, ಹೇಗೆ ಜೋಡಿಸುವುದು?

ಮಗುವಿನ ಸ್ನಾನದ ನೀರು ಹದವಾಗಿದೆಯೇ ಎಂದು ದೀಪದ ಬಣ್ಣದಲ್ಲಿ ತೋರಿಸುವ ಬಾತುಕೋಳಿಯನ್ನು ಡಿಪ್ಲೊಮಾ ಪ್ರಾಜೆಕ್ಟ್‌ಗಾಗಿ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಒಳ್ಳೆಯ ಆಯ್ಕೆ.

ಸಂವೇದಕವಾಗಿ 10 ಕಿಲೋಓಮ್‌ನ ಎನ್‌ಟಿಸಿ ಥರ್ಮಿಸ್ಟರ್ ಸಾಕು. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ: ಬೀಟಾ (ಬಿಸಿಗೆ ರೋಧ ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ) 3950 ಇರುವ ಮಾದರಿಯಲ್ಲಿ 25 ಡಿಗ್ರಿಗೆ 10 ಕಿಲೋಓಮ್, 37ಕ್ಕೆ ಸುಮಾರು 6, 40ಕ್ಕೆ ಸುಮಾರು 5.3. ಇದನ್ನು 10 ಕಿಲೋಓಮ್ ರೋಧಕದೊಂದಿಗೆ ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಎಟಿಟೈನಿ85 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್‌ನಿಂದ ಓದಿ. ಚಿಪ್‌ನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಭಾಗವಾದ ಎಡಿಸಿಗೂ ಬ್ಯಾಟರಿಯ ವೋಲ್ಟೇಜನ್ನೇ ಆಧಾರವಾಗಿಸಿದರೆ, ಬ್ಯಾಟರಿ ಕುಂದಿದರೂ ಅಳತೆ ಕೆಡುವುದಿಲ್ಲ. ಈ ಸರಳ ಉಪಾಯ ನನಗೆ ಬಹಳ ಇಷ್ಟ.

36ರಿಂದ 38 ಡಿಗ್ರಿಯವರೆಗೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, ಹೆಚ್ಚಾದರೆ ಮಿನುಗುವ ಕೆಂಪು. ಗಡಿಯಲ್ಲಿ ಬಣ್ಣ ತೊನೆದಾಡದಂತೆ ಅರ್ಧ ಡಿಗ್ರಿ ಅಂತರ ಬಿಡಿ.

ನಿಜವಾದ ಕಷ್ಟ ಇರುವುದು ಸರ್ಕ್ಯೂಟ್‌ನಲ್ಲಲ್ಲ, ಗೊಂಬೆಯ ಮೈಯಲ್ಲಿ. ಥರ್ಮಿಸ್ಟರ್ ಗೊಂಬೆಯೊಳಗಿನ ಗಾಳಿಯಲ್ಲಿದ್ದರೆ ನೀರಿನ ಬಿಸಿ ತಲುಪಲು ನಿಮಿಷಗಳೇ ಬೇಕು. ತಳದಲ್ಲಿ ಸ್ಟೀಲ್ ಕವಚದ ಸಂವೇದಕವನ್ನು ನೀರಿಗೆ ತಾಗುವಂತೆ ಇರಿಸಿ, ಸುತ್ತ ಎಪಾಕ್ಸಿ ಅಂಟಿನಿಂದ ಮುಚ್ಚಿ. ಬ್ಯಾಟರಿಯೂ ಕೆಳಗಿರಲಿ, ಆಗ ಗೊಂಬೆ ಮಗುಚದೆ ಸಂವೇದಕ ಸದಾ ಮುಳುಗಿರುತ್ತದೆ.

ಬಟನ್ ಬ್ಯಾಟರಿ ಬಳಸುವುದಾದರೆ ಮುಚ್ಚಳಕ್ಕೆ ಸ್ಕ್ರೂ ಕಡ್ಡಾಯ. ಮಗು ಬ್ಯಾಟರಿಯನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಕೆಟಲ್ ನೀರಿಗೆ ತಣ್ಣೀರು ಬೆರೆಸುತ್ತಾ, ನಂಬಿಕಸ್ಥ ಥರ್ಮಾಮೀಟರ್ ಪಕ್ಕದಲ್ಲಿಟ್ಟುಕೊಂಡು ಅಳತೆಗಳನ್ನು ತಾಳೆ ನೋಡಿ. ಆ ಅಳತೆಗಳ ಪಟ್ಟಿಯನ್ನು ವರದಿಯಲ್ಲಿ ಸೇರಿಸಿ.