ಫೋಟೊ ಇದ್ದರೂ ಮೈ ಅಳತೆ ಯಾಕೆ?

ಪ್ರಶ್ನೆ: ಬೆರಳಚ್ಚು ಬರುವ ಮುಂಚೆ ಪೊಲೀಸರು ಹಳೇ ಕಳ್ಳರನ್ನು ಮೈ ಅಳತೆಯಿಂದ ಪತ್ತೆ ಹಚ್ಚುತ್ತಿದ್ದರಂತೆ. ಆಗಲೇ ಫೋಟೊ ಇತ್ತಲ್ಲ, ಅದು ಸಾಕಾಗುತ್ತಿರಲಿಲ್ಲವೇ?

ಉತ್ತರ: ಫೋಟೊ ಬೇಕಾದಷ್ಟು ಇತ್ತು, ತೊಂದರೆ ಶುರುವಾಗಿದ್ದೇ ಅಲ್ಲಿ. 1880ರ ಹೊತ್ತಿಗೆ ಪ್ಯಾರಿಸ್ ಪೊಲೀಸರ ಬಳಿ ಸಾವಿರಾರು ಫೋಟೊ ರಾಶಿ ಬಿದ್ದಿದ್ದವು. ಸಿಕ್ಕಿಬಿದ್ದವನು ಸುಳ್ಳು ಹೆಸರು ಹೇಳಿದರೆ ಅವನ ಹಳೇ ಫೋಟೊ ಹುಡುಕುವುದು ಎಲ್ಲಿ? ಹೆಸರನ್ನಾದರೆ ಅಕ್ಷರದ ಪ್ರಕಾರ ಜೋಡಿಸಿಡಬಹುದು. ಮುಖವನ್ನು ಹಾಗೆ ಜೋಡಿಸೋಕೆ ಆಗಲ್ಲ ಅಲ್ವಾ?

ಇದಕ್ಕೆ ದಾರಿ ಹುಡುಕಿದವರು ಅಲ್ಫಾನ್ಸ್ ಬರ್ಟಿಲಾನ್. 1879ರಲ್ಲಿ ಅಲ್ಲಿನ ಪೊಲೀಸ್ ಕಚೇರಿಗೆ ಗುಮಾಸ್ತರಾಗಿ ಸೇರಿದ್ದರು. ದೊಡ್ಡವರ ಮೂಳೆಯ ಅಳತೆ ಬದಲಾಗುವುದಿಲ್ಲ, ಅಂಕಿಯನ್ನು ಸುಲಭವಾಗಿ ವಿಂಗಡಿಸಬಹುದು ಎಂಬುದು ಅವರ ಲೆಕ್ಕ. ಒಟ್ಟು 11 ಅಳತೆ. ಕೈದಿ ಬರಿಗಾಲಲ್ಲಿ ಸ್ಟೂಲಿನ ಮೇಲೆ ಎಡಗಾಲೊಂದನ್ನೇ ಊರಿ ನಿಲ್ಲಬೇಕು, ಆಗ ಪಾದದ ಉದ್ದ ಅಳೆಯುತ್ತಿದ್ದರು. ಎಡಗೈ ನಡುಬೆರಳನ್ನು ಲಂಬಕೋನಕ್ಕೆ ಮಡಚಿಸಿ ಅದನ್ನೂ ಅಳೆಯುತ್ತಿದ್ದರು. ದುಡಿಮೆಯಿಂದ ಬಲಗೈಯ ಆಕಾರ ಜಾಸ್ತಿ ಕೆಡುತ್ತದೆ, ಅದಕ್ಕೇ ಎಡಗೈ.

ನನಗೆ ಅಳತೆಗಿಂತ ಅವರು ಕಾರ್ಡು ಜೋಡಿಸಿಟ್ಟ ಕಪಾಟೇ ದೊಡ್ಡ ಸಾಧನೆ ಅನ್ನಿಸುತ್ತದೆ. ತಲೆಯ ಉದ್ದ ನೋಡಿ, ಕೈದಿಗಳ ಅಳತೆ, ಫೋಟೊ ಇರುವ ಕಾರ್ಡುಗಳನ್ನು ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಪಾಲು ಮಾಡುವುದು. ಒಂದೊಂದು ಪಾಲನ್ನೂ ತಲೆಯ ಅಗಲ ನೋಡಿ ಮತ್ತೆ ಮೂರು ಮಾಡುವುದು. ಆಮೇಲೆ ನಡುಬೆರಳು. ಹೀಗೇ ಒಡೆಯುತ್ತಾ ಹೋದರೆ ಕೊನೆಯ ಖಾನೆಯಲ್ಲಿ ಉಳಿಯುವುದು ಕೆಲವೇ ಕಾರ್ಡು. ಅಷ್ಟರ ಫೋಟೊ ನೋಡಿದರೆ ಸಾಕು. 1883ರ ಫೆಬ್ರವರಿಯಲ್ಲಿ ಒಬ್ಬ ತನ್ನ ಹೆಸರು ಡ್ಯುಪಾನ್ ಅಂದ. ಖಾನೆಯಿಂದ ತೆಗೆದ ಹಳೇ ಕಾರ್ಡಿನಲ್ಲಿ ಅವನ ಹೆಸರು ಮಾರ್ಟಿನ್ ಎಂದಿತ್ತು! ಮರುವರ್ಷ ಹೀಗೆ ಗುರುತು ಸಿಕ್ಕವರು 241 ಮಂದಿ.

ಫೋಟೊಗೂ ಅವರು ಶಿಸ್ತು ತಂದರು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಅದೇ ಕುರ್ಚಿ, ಅದೇ ದೂರ. ಪಕ್ಕದಿಂದ ತೆಗೆಯಲು ಮುಖ್ಯ ಕಾರಣ ಕಿವಿ. ಗಡ್ಡ ಬೆಳೆಸಿ ಮುಖ ಮರೆಸಬಹುದು, ಕಿವಿಯ ಆಕಾರ ಬದಲಾಗದು.

ಹಾಗಾದರೆ ಸೋತಿದ್ದು ಎಲ್ಲಿ? ಅಳೆಯುವ ಕೈಯಲ್ಲಿ. ಒಬ್ಬ ಗುಮಾಸ್ತ ಉಪಕರಣವನ್ನು ಬಿಗಿಯಾಗಿ ಒತ್ತಿದ, ಇನ್ನೊಬ್ಬ ಸಡಿಲ ಬಿಟ್ಟ ಅಂದುಕೊಳ್ಳಿ. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಕಾರ್ಡು ಬೇರೆ ಖಾನೆಗೆ ಹೋಗುತ್ತದೆ. ಬೆರಳಚ್ಚಿಗೆ ಈ ಕಾಟ ಇಲ್ಲ, ಶಾಯಿ ಹಚ್ಚಿ ಒತ್ತಿದರೆ ಆಯಿತು.

ಆದರೆ ಬೆರಳಚ್ಚಿಗೂ ಖಾನೆ ಬೇಕಿತ್ತು. ಅದು ತಯಾರಾಗಿದ್ದು ಬಂಗಾಳದ ಪೊಲೀಸ್ ಇಲಾಖೆಯಲ್ಲಿ. ಹತ್ತೂ ಬೆರಳಿನ ಗುರುತನ್ನು 1,024 ಖಾನೆಗೆ ಹಂಚುವ ಗಣಿತ ಹೊಸೆದವರು ಅಜೀಜುಲ್ ಹಕ್. ಹೇಮಚಂದ್ರ ಬೋಸ್ ಕೂಡ ಜೊತೆಗಿದ್ದರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಪದ್ಧತಿಗೆ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಅವರ ಹೆಸರೇ ಅಂಟಿಕೊಂಡಿತು. ಇದು ಅನ್ಯಾಯ. ಹಕ್, ಬೋಸ್ ಇಬ್ಬರ ಹೆಸರೂ ನಮ್ಮ ಶಾಲೆ ಪುಸ್ತಕಗಳಲ್ಲಿ ಬರಬೇಕು.