ಕರೂ ಸೀಮೆಯಲ್ಲಿ ಒಂದು ರಾತ್ರಿ ಸಾಲಲ್ಲ ಅಕ್ಕ

ಅಕ್ಕ, ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದ್ದೆ, ಕೂತು ಬರೆಯೋಕೆ ಇವತ್ತು ಪುರುಸೊತ್ತಾಯ್ತು. ಡಿಸೆಂಬರಲ್ಲಿ ಜೋಹಾನ್ಸ್‌ಬರ್ಗಿನ ಮಗಳ ಮನೆಯಿಂದ ಕಾರಲ್ಲಿ ಕೇಪ್ ಟೌನಿಗೆ ಹೊರಟಿದ್ದೀರಿ. ದಾರೀಲಿ ಕರೂ ಅನ್ನೋ ಒಣಸೀಮೆಯಲ್ಲಿ, ತೋಟ ಇರೋ ಫಾರ್ಮ್ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಸಾಕಾ, ಸಸ್ಯಾಹಾರ ಸಿಗುತ್ತಾ, ಚಳ್ಳಕೆರೆ ಕಡೆಯ ನಿಮ್ಮ ನಾಲ್ಕೆಕರೆಗೆ ಅಲ್ಲಿ ಕಲಿಯೋದು ಏನಾದ್ರೂ ಇದೆಯಾ ಅಂತ ಕೇಳಿದ್ರಿ. ಮೇಲೆ ಇಬ್ಬರು "ವಿಮಾನದಲ್ಲಿ ಹೋಗಿ, ದಾರಿಯುದ್ದಕ್ಕೂ ಬೋಳು ಬಯಲು" ಅಂದಿದ್ದಾರೆ. ಕೇಪ್ ಟೌನಲ್ಲಿ ಕೆಲಸದಲ್ಲಿದ್ದಾಗ ಆ ರಸ್ತೆಯಲ್ಲಿ ನಾಲ್ಕು ಸಲ ಓಡಾಡಿದ್ದೀನಿ. ಬಯಲು ಬೋಳೇ, ಸುಳ್ಳಲ್ಲ. ಅದಕ್ಕೇ ಅಲ್ಲಿನ ತೋಟ ನೋಡಬೇಕು ಅನ್ನೋದು.

ಮೊದಲು ದಾರಿ. ಎನ್1 ಹೆದ್ದಾರಿಯಲ್ಲಿ ಜೋಹಾನ್ಸ್‌ಬರ್ಗಿಂದ ಕೇಪ್ ಟೌನಿಗೆ ಸುಮಾರು 1,400 ಕಿಲೋಮೀಟರ್. ಮೊದಲ ದಿನ ಕೋಲ್ಸ್‌ಬರ್ಗ್ ತಲುಪಿ ಮಲಗಿ, ಹೆಚ್ಚುಕಡಿಮೆ ಅರ್ಧ ದಾರಿ ಆಗುತ್ತೆ. ಮರುದಿನ ಬ್ಯೂಫೋರ್ಟ್ ವೆಸ್ಟ್ ದಾಟಿ, ಪ್ರಿನ್ಸ್ ಆಲ್ಬರ್ಟ್ ರೋಡ್ ಅನ್ನೋ ಕಡೆ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಸುಮಾರು 45 ಕಿಲೋಮೀಟರಿಗೆ ಪ್ರಿನ್ಸ್ ಆಲ್ಬರ್ಟ್ ಊರು. ಸ್ವಾರ್ಟ್‌ಬರ್ಗ್ ಬೆಟ್ಟದ ಬುಡದಲ್ಲಿದೆ. ಊರಂಚಿನ ಫಾರ್ಮ್‌ಗಳಲ್ಲಿ ಯಾವುದಾದರೊಂದು ಹಿಡಿದು ಎರಡು ರಾತ್ರಿ ಇರಿ. ಅಲ್ಲಿಂದ ಕೇಪ್ ಟೌನ್ ಸುಮಾರು 400 ಕಿಲೋಮೀಟರ್, ಬೆಳಗ್ಗೆ ಹೊರಟರೆ ನಿಧಾನವಾಗಿ ಹೋಗಬಹುದು. ಕತ್ತಲಲ್ಲಿ ಮಾತ್ರ ಗಾಡಿ ಓಡಿಸಬೇಡಿ. ಕುಡು ಅಂತ ದೊಡ್ಡ ಜಿಂಕೆ, ಹೋರಿಯಷ್ಟು ತೂಕ ಇರುತ್ತೆ, ಬೇಲಿ ಹಾರಿ ನೇರ ಬಾನೆಟ್ ಮೇಲೆ ಬೀಳುತ್ತೆ.

ಎರಡು ರಾತ್ರಿ ಯಾಕೆ ಅಂದ್ರೆ, ಮೊದಲನೇ ಸಲ ನಾನು ಒಂದೇ ರಾತ್ರಿ ಇದ್ದು ಬಂದಿದ್ದೆ. ಸಂಜೆ ಹೋದೆ, ಉಂಡೆ, ಮಲಗಿದೆ, ಬೆಳಗ್ಗೆ ಹೊರಟೆ. ಗುಲಾಬಿ ಚೆನ್ನಾಗಿತ್ತು ಅನ್ನೋದು ಬಿಟ್ಟು ಏನೂ ನೆನಪಿಲ್ಲ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜಾಗದಲ್ಲಿ ಗುಲಾಬಿ ಹೇಗೆ ಬಂತು ಅಂತ ಕೇಳಬೇಕು ಅನ್ನಿಸಿದ್ದು ಹೆದ್ದಾರಿಗೆ ಬಂದಮೇಲೆ. ನಮ್ಮ ಚಳ್ಳಕೆರೆಯೇ ಅದರ ಮುಂದೆ ಮಲೆನಾಡು!

ಎರಡನೇ ಸಲ ಗೊತ್ತಾಯ್ತು. ಬೆಟ್ಟದ ಹೊಳೆಯ ನೀರು ತೆರೆದ ಕಾಲುವೆಯಲ್ಲಿ ಊರೊಳಗೆ ಬರುತ್ತೆ. ಪಂಪಿಲ್ಲ, ಪೈಪಿಲ್ಲ, ಬರೀ ಇಳಿಜಾರು. ಅಲ್ಲಿಯವರು ಇದಕ್ಕೆ ಲೈವಾಟರ್ ಅಂತಾರೆ, ಅಂದ್ರೆ ನಡೆಸಿಕೊಂಡು ಹೋಗೋ ನೀರು. ಮನೆಮನೆಗೂ ಪಾಳಿ. ನಮ್ಮ ಕೆರೆ ಬಯಲಲ್ಲಿ ನೀರುಗಂಟಿ ಮಾಡ್ತಿದ್ದ ಕೆಲಸವೇ. ನಾವಿದ್ದ ಮನೆಯ ಯಜಮಾನತಿಗೆ ಎಪ್ಪತ್ತರ ಮೇಲೆ ವಯಸ್ಸು. ಅವರ ಪಾಳಿ ಬೆಳಗಿನ ಜಾವ. ಟಾರ್ಚು ಹಿಡಿದು ಗಂಬೂಟು ಹಾಕ್ಕೊಂಡು ಹೋಗಿ ಕಾಲುವೆಗೆ ಅಡ್ಡ ಇದ್ದ ತಗಡು ಎತ್ತಿದ್ರು. ನೀರು ಮೊದಲು ಒಣಗಿದ ಎಲೆಗಳನ್ನ ತಳ್ಕೊಂಡು ಬಂತು, ಆಮೇಲೆ ಅಂಜೂರದ ಪಾತಿ, ಅಲ್ಲಿಂದ ದಾಳಿಂಬೆ, ಕೊನೆಗೆ ಗುಲಾಬಿ. ಸನಿಕೆ ಹಿಡಿದು ಒಂದೊಂದೇ ಪಾತಿಯ ಬಾಯಿ ಕಟ್ತಾ ಹೋದ್ರು, ಒಂದು ಮಾತಿಲ್ಲ. ನಿಮ್ಮ ಯಜಮಾನರನ್ನ ಕರ್ಕೊಂಡು ಹೋಗಿ ಇದನ್ನ ತೋರಿಸಿ. ಬುಕ್ ಮಾಡುವಾಗಲೇ "ನಿಮ್ಮ ನೀರಿನ ಪಾಳಿ ಯಾವತ್ತು" ಅಂತ ಕೇಳಿ, ಆ ದಿನಕ್ಕೆ ಹೊಂದಿಸ್ಕೊಳ್ಳಿ. ರೂಮಿನ ಎಸಿಗಿಂತ ಇದು ಮುಖ್ಯ.

ಊರಿಂದ ದೂರ ಇರೋ ಫಾರ್ಮ್‌ಗಳಿಗೆ ಕಾಲುವೆ ಇಲ್ಲ. ಬೋರ್‌ವೆಲ್ ಮೇಲೆ ಗಾಳಿಯಂತ್ರ, ಪಕ್ಕದಲ್ಲಿ ದುಂಡನೆ ಸಿಮೆಂಟ್ ತೊಟ್ಟಿ. ತೊಟ್ಟಿಯಿಂದ ಕುರಿಗಳ ಬಾನಿಗೆ, ಅಲ್ಲಿಂದ ತೋಟಕ್ಕೆ. ಆ ತೊಟ್ಟಿಯಲ್ಲೇ ಈಜೋಕೂ ಬಿಡ್ತಾರೆ, ತಳದಲ್ಲಿ ಪಾಚಿ ಇರುತ್ತೆ, ಜಾರುತ್ತೆ, ಹುಷಾರು. ರಾತ್ರಿಯೆಲ್ಲಾ ಯಂತ್ರ ಕಿರ್ರ್ ಅಂತಿರುತ್ತೆ. ಮೊದಲು ಕಿರಿಕಿರಿ, ಎರಡನೇ ರಾತ್ರಿ ಗಾಳಿ ನಿಂತು ಸದ್ದೂ ನಿಂತಾಗ ನನಗೆ ಎಚ್ಚರವಾಯ್ತು ನೋಡಿ.

ಡಿಸೆಂಬರ್ ಅಲ್ಲಿ ಬೇಸಿಗೆ, ಮರೆಯಬೇಡಿ. 40 ಡಿಗ್ರಿವರೆಗೂ ಹೋಗುತ್ತೆ. ಹನ್ನೊಂದಕ್ಕೆ ಒಳಗೆ ಸೇರಿಕೊಂಡು ನಾಲ್ಕರವರೆಗೆ ಹೊರಗೆ ಬರಬೇಡಿ. ಹಳೇ ಮನೆ ಸಿಕ್ಕರೆ ಅದನ್ನೇ ಆರಿಸಿ: ದಪ್ಪ ಮಣ್ಣಿನ ಗೋಡೆ, ಮರದ ಕದ ಇರೋ ಕಿಟಕಿ. ಕೆಲವದಕ್ಕೆ ಚಪ್ಪಟೆ ಮಣ್ಣಿನ ಮಾಡು, ಬ್ರಾಕ್‌ಡಾಕ್ ಅಂತಾರೆ, ಚೌಳು ಮಣ್ಣಿಂದ ಮೆತ್ತಿದ್ದು. ನಮ್ಮ ಸೀಮೆಯ ಮಾಳಿಗೆ ಮನೆ ನೋಡಿದವರಿಗೆ ಇದು ಹೊಸದೇನಲ್ಲ. ಬೆಳಗ್ಗೆ ಕಿಟಕಿ ಮುಚ್ಚಿ ಸಂಜೆ ತೆಗೀತಾರೆ, ಒಳಗೆ ಫ್ಯಾನೂ ಬೇಕಾಗಲ್ಲ. ನಮ್ಮವರು ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿ ಬೇಯ್ತಿದ್ದಾರೆ, ಆ ಮಾತು ಬೇರೆ.

ಊಟ. ಕರೂ ಅಂದ್ರೆ ಕುರಿಮಾಂಸ. ಸಸ್ಯಾಹಾರಿ ಅಂದ್ರೆ ಕೋಳಿ ಬಡಿಸೋ ಮನೆಗಳೂ ಉಂಟು, ಪಾಪ ಅವರಿಗೆ ಅದು ತರಕಾರಿಯ ಲೆಕ್ಕ. ಮಾಂಸ, ಮೀನು, ಕೋಳಿ ಮೂರೂ ಬೇಡ, ಮೊಟ್ಟೆ ಬೇಕೋ ಬೇಡವೋ ಅಂತ ಬಿಡಿಸಿ ಬರೀರಿ. ಸ್ವಂತ ಅಡುಗೆಮನೆ ಇರೋ ಕಾಟೇಜ್ ಆದ್ರೆ ಚಿಂತೆಯೇ ಇಲ್ಲ. ಅಕ್ಕಿ, ಬೇಳೆ, ಸಾರಿನ ಪುಡಿ ಮಗಳ ಮನೆಯಿಂದಲೇ ಕಟ್ಕೊಂಡು ಹೋಗಿ. ನಾವು ಮಾಡಿದ ತಿಳಿಸಾರನ್ನ ಆ ಅಜ್ಜಿ ಲೋಟದಲ್ಲಿ ಹಾಕಿಸ್ಕೊಂಡು ಎರಡು ಸಲ ಕುಡಿದ್ರು.

ಒಂದು ಮುಖ್ಯ ವಿಷಯ, ಗೇಟು. ಬೇಲಿ ಹಾಕಿದ ಒಂದೊಂದು ಹುಲ್ಲುಗಾವಲಿಗೂ ಅಲ್ಲಿ ಕ್ಯಾಂಪ್ ಅಂತಾರೆ, ನಡುನಡುವೆ ಗೇಟು. ಮುಚ್ಚಿದ್ರೆ ದಾಟಿ ಮುಚ್ಚಿ, ತೆಗೆದಿದ್ರೆ ಹಾಗೇ ಬಿಡಿ. ನಾನು ವಾಕಿಂಗ್ ಹೋದಾಗ ತೆಗೆದಿದ್ದ ಗೇಟನ್ನ, ಯಾರೋ ಮರೆತಿದ್ದಾರೆ ಅಂತ ಉಪಕಾರ ಮಾಡೋಕೆ ಹೋಗಿ ಚಿಲಕ ಹಾಕಿ ಬಂದೆ. ನೀರಿನ ಬಾನಿ ಇದ್ದದ್ದು ಗೇಟಿನ ಆಚೆ. ಬೆಳಗ್ಗೆ ನೋಡಿದ್ರೆ ಅರವತ್ತು ಕುರಿ ಗೇಟಿಗೆ ಮುಖ ಒತ್ತಿ ನಿಂತು ಬಾಯಿ ಬಡ್ಕೊಳ್ತಿವೆ. ಅಜ್ಜಿ ಬೈಯಲಿಲ್ಲ. "ಗೇಟು ನಿನ್ನದಲ್ಲ" ಅಂದ್ರು ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಸ್ವಾರ್ಟ್‌ಬರ್ಗ್ ಘಾಟಿಗೆ ಹೋಗೋದಾದ್ರೆ ಅದು ಮಣ್ಣಿನ ರಸ್ತೆ, 1888ರದ್ದು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ತಡೆಗೋಡೆ ಇನ್ನೂ ನಿಂತಿದೆ. ಬಾಡಿಗೆ ಕಾರಿನ ಇನ್ಶೂರೆನ್ಸ್ ಮಣ್ಣು ರಸ್ತೆಗೆ ಅನ್ವಯಿಸುತ್ತಾ ಕೇಳ್ಕೊಳ್ಳಿ. ಮಳೆ ಬಂದಿದ್ರೆ ಬೇಡ.

ನಿಮ್ಮ ಜಮೀನಿಗೆ ಏನು ಅಂದ್ರಲ್ಲ: ಅಲ್ಲಿ ಮನೆ ಸುತ್ತ ಅರ್ಧ ಎಕರೆ ಮಾತ್ರ ಹಸಿರು. ಗಾಳಿ ಬೀಸೋ ಕಡೆ ಮೊದಲು ಬೇಲಿಮರ, ಅದರ ನೆರಳಲ್ಲಿ ಹಣ್ಣಿನ ಗಿಡ, ಅದರ ಬುಡದಲ್ಲಿ ಸೊಪ್ಪು. ಉಳಿದದ್ದೆಲ್ಲ ಕುರಿಗೆ ಬಿಟ್ಟಿದ್ದಾರೆ. ನಾಲ್ಕೆಕರೆಗೂ ಒಂದೇ ಬೋರಿಂದ ನೀರು ಹಾಯಿಸೋಕೆ ಹೋಗಿ ನಾನು ಎರಡು ಮೋಟರ್ ಸುಟ್ಟವನು, ಅದಕ್ಕೇ ಹೇಳ್ತಿದ್ದೀನಿ. ಬದುವಿನ ಮೇಲಿನ ಕತ್ತಾಳೆ ಅಲ್ಲೂ ಇದೆ. ನಮ್ಮಲ್ಲಿಗೂ ಅಲ್ಲಿಗೂ ಅದು ಮೆಕ್ಸಿಕೋ ಕಡೆಯಿಂದಲೇ ಬಂದದ್ದು.

ಅಲ್ಲಿ ಸ್ಪೆಕ್‌ಬೂಮ್ ಅಂತ ಒಂದು ಗಿಡ ತೋರಿಸ್ತಾರೆ, ದಪ್ಪ ಪುಟ್ಟ ಎಲೆ. ಬೆಳಗ್ಗೆ ಕಿತ್ತು ತಿಂದು ನೋಡಿ, ಹುಣಸೆ ಚಿಗುರಿನಂಥ ಹುಳಿ. ಅದೇ ಗಿಡದ್ದು ಸಂಜೆ ತಿನ್ನಿ, ಹುಳಿ ಇಳಿದಿರುತ್ತೆ. ನೀರು ಉಳಿಸೋಕೆ ರಾತ್ರಿ ಹೊತ್ತು ಉಸಿರಾಡಿ ಹುಳಿ ಕೂಡಿಟ್ಟು, ಹಗಲು ಖರ್ಚು ಮಾಡೋ ಜಾತಿ. ಕಡ್ಡಿ ಬ್ಯಾಗಲ್ಲಿ ಹಾಕ್ಕೊಂಡು ಬರಬೇಡಿ, ಪರ್ಮಿಟ್ ಇಲ್ಲದೆ ಗಿಡ ತರೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಕಿತ್ಕೊಳ್ತಾರೆ. ಬೇಕಾಗೂ ಇಲ್ಲ. ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಕುಂಡದಲ್ಲಿಟ್ಟು ಮಾರೋದು ಬಹಳ ಕಡೆ ಇದನ್ನೇ. ನಾನು ತುಮಕೂರಲ್ಲಿ ಅರವತ್ತು ರೂಪಾಯಿಗೆ ತಂದೆ, ಈಗ ಬೇಲಿ ಉದ್ದಕ್ಕೂ ಅದರ ಕಡ್ಡಿ ಚುಚ್ಚಿದ್ದೀನಿ. ಬಂದಮೇಲೆ ಹೇಳಿ, ಒಂದು ಹೊರೆ ಕಳಿಸ್ತೀನಿ.